ಫರ್ಜಾನಾಳ ಕೈಗುಣ

ಕಳೆದ ತಿಂಗಳು ಜಂಗಮಕೋಟೆಯ ತಂಗಿ ಮನೆಗೆ ಹೊರಟವನು ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಲು ಇಳಿದೆ. ಇಳಿದ ಕೂಡಲೇ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಈ ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಹೊರಗಿನಿಂದ ಬಂದವರು ಕರ್ಚೀಫು ಹುಡುಕುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಇವತ್ತಿಗೂ ಸಿಟ್ಟು ಬರುತ್ತದೆ, ಅದೂ ನನ್ನ ಮೇಲೆ. ಕಾಲು ಶತಮಾನ ಕಳೆದರೂ ಆ ಸಿಟ್ಟು ಇಳಿದಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿಯ ಮಳೆಗಾಲ. ಆಗ ನಾನು ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ವಾರಕ್ಕೆರಡು ದಿನ ಗೌರಿಬಿದನೂರಿಗೆ ಹೋಗಿ ಅಲ್ಲೂ ಪಾಠ ಹೇಳುತ್ತಿದ್ದೆ. ಹುಟ್ಟೂರು ತೊಂಡೇಬಾವಿ, ಮನೆಯವರೆಲ್ಲ ಬೇಸಾಯದವರು, ಕಂಪ್ಯೂಟರ್ ವಿದ್ಯೆ ನಾನೇ ಪುಸ್ತಕ ನೋಡಿಕೊಂಡು ಕಲಿತದ್ದು. ತಾನೇ ಕಲಿತವನಿಗೆ ಒಂದು ಕಾಯಿಲೆ ಇರುತ್ತದೆ, ತನಗಿಂತ ಕಡಿಮೆ ಓದಿದವರ ಮಾತು ಅವನ ಕಿವಿಗೆ ಹೋಗುವುದಿಲ್ಲ. ನನಗಂತೂ ಆ ಕಾಯಿಲೆ ಬಲವಾಗಿಯೇ ಇತ್ತು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಒಂದು ಸಂಘವಿತ್ತು. ಅದರ ಕಾರ್ಯದರ್ಶಿ ನಂಜುಂಡಪ್ಪನವರು ನನ್ನನ್ನು ಕರೆಸಿದರು. ಆಫೀಸಿನಲ್ಲಿ ಮೂರು ಕಂಪ್ಯೂಟರು, ಒಂದೇ ಫೋನ್ ಲೈನು. ದಿನದಿನದ ಧಾರಣೆಯನ್ನು ದೂರದ ವ್ಯಾಪಾರಿಗಳಿಗೆ ಇ-ಮೇಲಿನಲ್ಲಿ ಕಳಿಸಬೇಕು, ಮೂರೂ ಮೆಷೀನಿಗೆ ಇಂಟರ್ನೆಟ್ ಬರಬೇಕು. ಜೊತೆಗೆ ಅವರಿಗೊಂದು ಭಯ.

"ಮೇಷ್ಟ್ರೇ, ಈ ಇಂಟರ್ನೆಟ್ಟಲ್ಲಿ ಕಳ್ರೂ ಬರ್ತಾರಂತಲ್ಲ. ಬಾಗ್ಲಿಗೆ ಏನಾದ್ರೂ ಬೀಗ ಹಾಕ್ಕೊಡಿ."

ನಾನು ಒಂದು ಹಳೇ ಮೆಷೀನು ತಂದು, ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ.ಯಿಂದ ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಮೂಲೆಯಲ್ಲಿ ಕೂರಿಸಿದೆ. ಅದು ಫೋನ್ ಲೈನನ್ನು ಮೂರೂ ಮೆಷೀನಿಗೆ ಹಂಚಬೇಕು, ಹೊರಗಿನವರನ್ನು ತಡೆಯಬೇಕು. ಇದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ಬಾಗಿಲಿನ ಕಾವಲುಗಾರ ಎಂದುಕೊಂಡರೆ ಸಾಕು. ಆ ಕಾವಲುಗಾರನಿಗೆ ನಾನು ಒಂದು ಸೂಚನೆಗಳ ಪಟ್ಟಿ ಬರೆದುಕೊಟ್ಟೆ. ಅದೇ ಸ್ಕ್ರಿಪ್ಟು. ಮೊದಲ ಸಾಲು, ಎಲ್ಲ ಬಾಗಿಲೂ ಮುಚ್ಚು. ಅದನ್ನು ಪುಸ್ತಕದಿಂದ ಅಕ್ಷರಶಃ ಇಳಿಸಿಕೊಂಡಿದ್ದೆ. ಉಳಿದ ಸಾಲುಗಳು ನನ್ನವು: ನಮ್ಮ ಮೂರು ಮೆಷೀನಿಗೆ ಮಾತ್ರ ಬಾಗಿಲು ತೆಗೆ. ಮೂರರ ಉದ್ದುದ್ದ ನಂಬರುಗಳನ್ನು ಪ್ರತಿ ಸಾಲಿನಲ್ಲೂ ಬರೆಯಲು ಬೇಜಾರಾಗಿ, "ನಮ್ಮವರು" ಎಂದು ಇಂಗ್ಲಿಷ್ ಅಕ್ಷರದಲ್ಲಿ ಒಂದು ಅಡ್ಡಹೆಸರು ಇಟ್ಟೆ. ಬಾಗಿಲು ತೆಗೆಯುವ ಕಮಾಂಡಿಗೂ ಹಾಗೆಯೇ ಒಂದು ಗಿಡ್ಡ ಹೆಸರು. ಈ ಅಡ್ಡಹೆಸರುಗಳ ಅರ್ಥವನ್ನು ಬೇರೆ ಕಡೆ, ನಾನು ನನ್ನ ಹೆಸರು ಕೊಟ್ಟು ಒಳಹೊಕ್ಕಾಗ ತಾನಾಗಿ ಓದಿಕೊಳ್ಳುವ ಕಡತದಲ್ಲಿ ಬರೆದಿಟ್ಟೆ. ಓಡಿಸಿ ನೋಡಿದೆ, ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಮೆಷೀನು ಆನ್ ಆದಾಗ ಸ್ಕ್ರಿಪ್ಟು ತಾನೇ ಓಡುವಂತೆ ಮಾಡಿ, ಒಬ್ಬಟ್ಟಿನ ಊಟ ಮಾಡಿಕೊಂಡು ಬಂದೆ.

ನಾನು ಹೊರಟುಬಂದ ಮೇಲೆ ನಂಜುಂಡಪ್ಪನವರು ಮೂಲೆಯ ಮೆಷೀನಿನ ಮಾನಿಟರನ್ನು ಬಿಚ್ಚಿ ತಮ್ಮ ಮೇಜಿಗೆ ಸಾಗಿಸಿಕೊಂಡರು. "ಯಾರೂ ನೋಡದ ಮೆಷೀನಿಗೆ ಟೀವಿ ಯಾಕೆ ದಂಡಕ್ಕೆ?" ಎಂಬುದು ಅವರ ವಾದ. ನನಗೂ ಸರಿ ಎನ್ನಿಸಿತು.

ಆ ಆಫೀಸಿನ ಆಪರೇಟರ್ ಫರ್ಜಾನಾ. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು, ಬಿಳಿ ದುಪಟ್ಟಾ, ಮಾತು ಕಡಿಮೆ. ಅವಳ ಮನೆಯಲ್ಲಿ ಎಲ್ಲರೂ ಗೂಡು ಬೇಯಿಸಿ ನೂಲು ತೆಗೆಯುವವರೇ. ಬಿಸಿನೀರಿನಲ್ಲಿ ಕೈ ಬೇಯಿಸಿಕೊಳ್ಳದೆ ಕುರ್ಚಿಯ ಮೇಲೆ ಕೂತು ಸಂಬಳ ತಂದ ಮೊದಲನೆಯವಳು ಅವಳು. ಇದನ್ನು ಅವಳ ಅಬ್ಬಾ ನನಗೆ ಎರಡು ಸಲ ಹೇಳಿದ್ದರು. ಮೂಲೆಯ ಮೆಷೀನು ಹಗಲೂ ರಾತ್ರಿ ಓಡುತ್ತಿತ್ತು, ಅದರ ಸ್ವಿಚ್ಚು ಅವಳ ಜವಾಬ್ದಾರಿಯಾಯಿತು. ಆಗ ವಾರಕ್ಕೊಂದೆರಡು ಸಲ ಕರೆಂಟು ಹೋಗುತ್ತಿತ್ತು. ಹೋದಾಗ, ಯು.ಪಿ.ಎಸ್. ಬ್ಯಾಟರಿ ಮುಗಿಯುವುದರೊಳಗೆ, ನಾನು ಹೇಳಿಕೊಟ್ಟ ಹಾಗೆ ಮೆಷೀನನ್ನು ಕ್ರಮವಾಗಿ ಮಲಗಿಸುವುದು, ಬಂದಾಗ ಸ್ವಿಚ್ ಹಾಕುವುದು. ಅಷ್ಟೇ ಕೆಲಸ.

ನಾಲ್ಕನೇ ದಿನಕ್ಕೆ ಫೋನ್ ಬಂತು. ಇಂಟರ್ನೆಟ್ ಇಲ್ಲ.

ಹೋದೆ. ಚಿಕ್ಕಬಳ್ಳಾಪುರದಿಂದ ಮುಕ್ಕಾಲು ಗಂಟೆ, ಮಳೆ ಬಂದರೆ ಕಿಟಕಿಯಿಂದ ತೊಡೆಗೆ ನೀರು ಸುರಿಯುವ ಬಸ್ಸು. ನಂಜುಂಡಪ್ಪನವರ ಮೇಜಿನಿಂದ ಮಾನಿಟರ್ ಹೊತ್ತು ತಂದು ಮೂಲೆಗೆ ಜೋಡಿಸಿದೆ, ಹೆಸರು ಕೊಟ್ಟು ಒಳಹೊಕ್ಕೆ, ಸ್ಕ್ರಿಪ್ಟಿನ ಹೆಸರು ಹೊಡೆದೆ. ಮೂರೂ ಮೆಷೀನಿಗೆ ಇಂಟರ್ನೆಟ್ ಬಂತು.

"ಏನಮ್ಮಾ ಮಾಡಿದ್ದೆ ಇದಕ್ಕೆ?"

"ಏನೂ ಮಾಡಿಲ್ಲ ಸಾರ್. ಸ್ವಿಚ್ ಹಾಕಿದೆ ಅಷ್ಟೇ."

ಎರಡು ದಿನ ಬಿಟ್ಟು ಮತ್ತೆ ಫೋನ್. ಮತ್ತೆ ಬಸ್ಸು, ಮತ್ತೆ ಮಾನಿಟರ್ ಹೊರುವುದು. ನಾನು ಮುಟ್ಟಿದೊಡನೆ ಸರಿ. ಹಲ್ಲುನೋವಿನವನು ಡಾಕ್ಟರ ಬಾಗಿಲಿಗೆ ಹೋದಾಗ ನೋವು ಮಾಯವಾದ ಹಾಗೆ. ಮೋಡೆಮ್ ಕೆಟ್ಟಿದೆ ಎಂದು ಚಿಂತಾಮಣಿಯ ಸ್ನೇಹಿತನಿಂದ ಬೇರೆ ಮೋಡೆಮ್ ತಂದು ಹಾಕಿದೆ. ಕೇಬಲ್ ಬದಲಾಯಿಸಿದೆ. ಫೋನಿನ ಡಬ್ಬಿ ಬಿಚ್ಚಿಸಿದರೆ ಒಳಗೆ ಒಂದು ಸತ್ತ ಹಲ್ಲಿ ಸಿಕ್ಕಿತು, ಇದೇ ಕಾರಣವೆಂದು ಎಲ್ಲರಿಗೂ ತೋರಿಸಿ ಬೀಗಿದೆ. ಮಾರನೆಯ ದಿನ ಮತ್ತೆ ಫೋನ್. ಇಡೀ ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕಿದೆ, ಆದರೆ ಸ್ಕ್ರಿಪ್ಟನ್ನೂ ನನ್ನ ಕಡತವನ್ನೂ ಫ್ಲಾಪಿಯಿಂದ ಹಾಗೆಯೇ ತಂದು ಅದರ ಮೇಲೆ ಹಾಕಿದೆ. ರೋಗವನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ಮೈ ತೊಳೆದ ಹಾಗಾಯಿತು.

ಆರಿಸಿ ಹೊತ್ತಿಸಿಯೂ ನೋಡಿದ್ದೆ. ಆದರೆ ಪರದೆಯ ಮೇಲೆ ಹೆಸರು ಕೇಳಿದ ಕೂಡಲೇ ನನ್ನ ಬೆರಳುಗಳು ತಾವಾಗಿ ಓಡುತ್ತಿದ್ದವು: ಹೆಸರು, ಗುಪ್ತಪದ, ಸ್ಕ್ರಿಪ್ಟು. ಊಟಕ್ಕೆ ಕೂತವನ ಕೈ ಉಪ್ಪಿನಕಾಯಿಗೆ ಹೋದ ಹಾಗೆ. ಹೊಡೆದೆ ಎಂಬುದೂ ನನ್ನ ಲೆಕ್ಕದಲ್ಲಿರಲಿಲ್ಲ.

ಅಷ್ಟರಲ್ಲಿ ಆಫೀಸಿನಲ್ಲಿ ಬೇರೊಂದು ಮಾತು ಹುಟ್ಟಿತ್ತು. ರೇಷ್ಮೆಯ ಊರುಗಳಲ್ಲಿ ಕೈಗುಣ ಎಂಬುದು ಸಣ್ಣ ಮಾತಲ್ಲ. ಮೊಟ್ಟೆಯೊಡೆದು ಬಂದ ಹುಳವನ್ನು ಮೊದಲ ಸಲ ಸೊಪ್ಪಿಗೆ ಬಿಡುವುದಕ್ಕೆ ಚಾಕಿ ಎನ್ನುತ್ತಾರೆ. ಆ ದಿನ ಯಾರ ಕೈ ಬೀಳುತ್ತದೋ ಅದರ ಮೇಲೆ ಬೆಳೆ ನಿಲ್ಲುತ್ತದೆ ಎಂದು ನಂಬುವ ಮನೆಗಳೇ ಹೆಚ್ಚು. ಒಳ್ಳೆಯ ಕೈಯವರನ್ನು ಹುಡುಕಿ ಕರೆತರುತ್ತಾರೆ. ಒಬ್ಬರ ಕೈ ಆಗಿಬರುವುದಿಲ್ಲ ಎಂದು ಒಮ್ಮೆ ಹೆಸರಾದರೆ, ಹುಳದ ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಅದೇ ಕಣ್ಣಿನಿಂದ ಸಂಘದವರು ನನ್ನ ಮೆಷೀನನ್ನೂ ನೋಡಿದರು. ಮೇಷ್ಟ್ರು ಮುಟ್ಟಿದರೆ ನಡೆಯುತ್ತದೆ, ಫರ್ಜಾನಾ ಮುಟ್ಟಿದರೆ ನಿಲ್ಲುತ್ತದೆ. ಇನ್ನೇನು ಬೇಕು ಸಾಕ್ಷಿ?

"ಕೈಗುಣ ಮೇಷ್ಟ್ರೇ," ಎಂದರು ನಂಜುಂಡಪ್ಪನವರು, ಅವಳಿಗೆ ಕೇಳಿಸುವ ಹಾಗೆ. "ಕೆಲವರ ಕೈ ಹಂಗೆ. ಅವರ್ದೂ ತಪ್ಪಲ್ಲ."

ನಾನು ಕೈಗುಣವನ್ನು ನಂಬುವವನಲ್ಲ, ನಕ್ಕೆ. ನಕ್ಕೆನೇ ಹೊರತು ಅಲ್ಲ ಎನ್ನಲಿಲ್ಲ. ಆ ನಗುವಿನ ಹಿಂದೆ ನನಗೊಂದು ಅನುಕೂಲವಿತ್ತು: ತಪ್ಪು ಅವಳ ಕೈಯಲ್ಲಿದ್ದರೆ ನನ್ನ ತಲೆಯಲ್ಲಿ ಇಲ್ಲ ಎಂದಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನೆಲದ ಬದಲು ಒಬ್ಬಳು ಹೆಣ್ಣುಮಗಳು ಸಿಕ್ಕಿದ್ದಳು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಾಯಂಕಾಲ, ಎಂಟನೆಯದೋ ಒಂಬತ್ತನೆಯದೋ ಸಲ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ನಾನು ಮಾನಿಟರ್ ಜೋಡಿಸಿ ಕೀಬೋರ್ಡಿಗೆ ಕೈ ಹಾಕುವಷ್ಟರಲ್ಲಿ ಫರ್ಜಾನಾ ಹತ್ತಿರ ಬಂದು ನಿಂತಳು.

"ಸಾರ್, ಒಂದ್ ಮಾತು. ಬೇಜಾರು ಮಾಡ್ಕೋಬಾರ್ದು."

"ಹೇಳಮ್ಮ, ಬೇಗ."

"ನಾನು ಸ್ವಿಚ್ ಹಾಕಿ ಸುಮ್ನೆ ಕೂತ್ಕೋತೀನಿ. ನೀವು ಸ್ವಿಚ್ ಹಾಕಿ ಹೆಸರು ಕೊಟ್ಟು ಒಳಗೆ ಹೋಗಿ ಏನೋ ಹೊಡೀತೀರ. ಒಂದೇ ಒಂದ್ ಸಲ ನೀವೂ ನನ್ನಂಗೇ ಸ್ವಿಚ್ ಹಾಕಿ, ಕೈ ಕಟ್ಕೊಂಡು ಕೂತ್ಕೊಳ್ಳಿ ಸಾರ್. ಏನೂ ಮುಟ್ಬೇಡಿ. ಆಗ್ಲೂ ಬಂದ್ರೆ ನನ್ ಕೈದೇ ತಪ್ಪು ಅಂತ ಒಪ್ಕೋತೀನಿ."

ಇಡೀ ಮಳೆಗಾಲದಲ್ಲಿ ಆ ಆಫೀಸಿನಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ನಾನು ಗಡಿಯಾರ ನೋಡಿದೆ. ಐದೂವರೆಯ ಬಸ್ಸಿಗೆ ಕಾಲು ಗಂಟೆ ಇತ್ತು.

"ನೋಡಮ್ಮಾ, ಕೈ ಕಟ್ಕೊಂಡು ಕೂತ್ರೆ ಕಂಪ್ಯೂಟರ್ ರಿಪೇರಿ ಆಗೋ ಹಾಗಿದ್ರೆ ನನ್ನನ್ನ ಯಾಕೆ ಕರೆಸ್ತಿದ್ರು?"

ಸುತ್ತ ಇದ್ದವರು ನಕ್ಕರು. ಅವಳು ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋದಳು. ನಾನು ಪಟಪಟ ಹೊಡೆದೆ, ಇಂಟರ್ನೆಟ್ ಬಂತು, ಬಸ್ಸೂ ಸಿಕ್ಕಿತು. ಕಿಟಕಿಯ ಪಕ್ಕ ಕೂತು ನನ್ನ ಮಾತಿನ ಚಮತ್ಕಾರಕ್ಕೆ ನಾನೇ ಇನ್ನೊಮ್ಮೆ ನಕ್ಕಿದ್ದೂ ನೆನಪಿದೆ. ಥೂ!

ಮುಂದಿನ ವಾರ ಸಂಘದವರು ನನ್ನಿಂದ ಬರವಣಿಗೆಯಲ್ಲಿ ಕಾರಣ ಕೇಳಿದರು. ಒಂದು ಹಾಳೆಯಲ್ಲಿ ಎರಡೇ ಸಾಲು ಬರೆದು ಸಹಿ ಹಾಕಿಕೊಟ್ಟೆ: "ಯಂತ್ರವನ್ನು ಪೂರ್ಣವಾಗಿ ಪರೀಕ್ಷಿಸಲಾಗಿದೆ, ದೋಷವಿಲ್ಲ. ನಿರ್ವಹಣೆಯಲ್ಲಿ ಲೋಪವಿರುವ ಸಾಧ್ಯತೆ ಇದೆ." ಸಾಧ್ಯತೆ ಎಂಬ ಪದ ಹಾಕಿದ್ದಕ್ಕೆ ನನ್ನಷ್ಟು ನ್ಯಾಯವಂತ ಇಲ್ಲ ಎಂದುಕೊಂಡಿದ್ದೆ. ಮಹಾನವಮಿಗೆ ವಾರ ಇರುವಾಗ ಫರ್ಜಾನಾಳಿಗೆ ಇನ್ನು ಬರುವುದು ಬೇಡ ಎಂದು ಹೇಳಿದರು. ಅವಳ ಜಾಗಕ್ಕೆ ನಂಜುಂಡಪ್ಪನವರ ಅಕ್ಕನ ಮಗ ಲೋಕೇಶ ಬಂದ.

ಅದೇನು ಗ್ರಹಚಾರವೋ, ಹಬ್ಬವೆಂದು ಆ ಹತ್ತು ದಿನ ಕರೆಂಟೇ ಹೋಗಲಿಲ್ಲ. ಮೆಷೀನು ಆರಲೇ ಇಲ್ಲ, ಆದ್ದರಿಂದ ಇಂಟರ್ನೆಟ್ಟೂ ನಿಲ್ಲಲಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು. ಲೋಕೇಶನ ಕೈಗುಣ ಗೂಡಿನ ಮಾರ್ಕೆಟ್ಟಿನವರೆಗೂ ಹೆಸರಾಯಿತು. ಅದರ ಬೆನ್ನಿಗೇ ಫರ್ಜಾನಾಳದೂ.

ಹಬ್ಬ ಮುಗಿದು ಮೂರನೇ ದಿನ ಗೌರಿಬಿದನೂರಿನಲ್ಲಿ ಪಾಠ ಮಾಡುತ್ತಿದ್ದೆ. ಪಕ್ಕದ ಅಂಗಡಿಗೆ ಫೋನ್ ಬಂತು. ಗಾಬರಿಯಾದರೆ ನಂಜುಂಡಪ್ಪನವರಿಗೆ ಕನ್ನಡ ಮರೆತು ತೆಲುಗು ಬರುತ್ತಿತ್ತು. "ಮೇಷ್ಟ್ರೇ, ಮಳ್ಳೀ ಪೋಯಿಂದಿ!" ಮತ್ತೆ ಹೋಯಿತು.

ಹೋದಾಗ ಲೋಕೇಶ ಬಾಗಿಲಲ್ಲೇ ಇದ್ದ. "ಸಾರ್, ನಾನೇನೂ ಮಾಡಿಲ್ಲ. ಸ್ವಿಚ್ ಹಾಕಿದೆ ಅಷ್ಟೇ." ಅವಳ ಮಾತೇ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಅವಳು ಹತ್ತು ಸಲ ಹೇಳಿದಾಗ ನಂಬದಿದ್ದವನು ಇವನು ಒಂದು ಸಲ ಹೇಳಿದ್ದಕ್ಕೆ ನಂಬಿದೆ. ನಂಬಿದ ಕ್ಷಣವೇ ಮಳೆಯ ಆ ದಿನ ಅವಳು ಹೇಳಿದ್ದು ನೆನಪಾಯಿತು.

ಮಾನಿಟರ್ ತಂದು ಜೋಡಿಸಿದೆ. ಆರಿಸಿ, ಸ್ವಿಚ್ ಹಾಕಿದೆ. ಬೆರಳುಗಳು ಅಭ್ಯಾಸಬಲದಿಂದ ಕೀಬೋರ್ಡಿಗೆ ಹೋದವು. ಎಳೆದುಕೊಂಡು, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿ, ಸ್ಕೂಲಿನ ಮಗುವಿನಂತೆ ಕೈ ಕಟ್ಟಿ ಕೂತೆ. ಪರದೆಯ ಮೇಲೆ ಸಾಲುಗಳು ಓಡಿದವು. ಕೊನೆಯಲ್ಲಿ, ಹೆಸರು ಕೇಳುವುದಕ್ಕೆ ಸ್ವಲ್ಪ ಮುಂಚೆ, ಒಂದೇ ಮಾತು ಆರೇಳು ಸಲ ಬಂತು: ಕಮಾಂಡ್ ಸಿಗಲಿಲ್ಲ, ಕಮಾಂಡ್ ಸಿಗಲಿಲ್ಲ. ಪಕ್ಕದ ಮೆಷೀನಿನಲ್ಲಿ ನೋಡಿದರೆ ಇಂಟರ್ನೆಟ್ ಇಲ್ಲ.

ಐದು ನಿಮಿಷದಲ್ಲಿ ಎಲ್ಲ ತಿಳಿಯಿತು. ಅಡ್ಡಹೆಸರುಗಳ ಅರ್ಥ ಇದ್ದದ್ದು ನಾನು ಒಳಹೊಕ್ಕಾಗ ಓದಿಸಿಕೊಳ್ಳುವ ಕಡತದಲ್ಲಿ. ಕರೆಂಟು ಬಂದು ಮೆಷೀನು ತಾನಾಗಿ ಏಳುವಾಗ ನಾನು ಅಲ್ಲಿ ಇರುತ್ತಿರಲಿಲ್ಲ, ಆ ಕಡತವನ್ನು ಯಾರೂ ತೆರೆಯುತ್ತಿರಲಿಲ್ಲ. ಪುಸ್ತಕದಿಂದ ಇಳಿಸಿಕೊಂಡ ಮೊದಲ ಸಾಲು ಕಾವಲುಗಾರನಿಗೆ ಅರ್ಥವಾಗುತ್ತಿತ್ತು, ಎಲ್ಲ ಬಾಗಿಲೂ ಮುಚ್ಚುತ್ತಿದ್ದ. ಆಮೇಲೆ ನಮ್ಮವರಿಗೆ ತೆಗೆ ಎಂದರೆ, ನಮ್ಮವರು ಯಾರು ಎಂದೇ ಅವನಿಗೆ ಗೊತ್ತಿಲ್ಲ. ನಾನು ಬಂದು ಹೆಸರು ಕೊಟ್ಟ ಕೂಡಲೇ ಅರ್ಥಗಳೆಲ್ಲ ಸಿಕ್ಕಿ ಸ್ಕ್ರಿಪ್ಟು ನಡೆಯುತ್ತಿತ್ತು. ನಾನು ಕಲಿಸುವ ಪುಸ್ತಕದಲ್ಲೇ ಇದಕ್ಕೊಂದು ಪುಟವಿದೆ, ಎನ್ವಿರಾನ್ಮೆಂಟ್ ವೇರಿಯಬಲ್ಲುಗಳು ಎಂದು. ವರ್ಷಕ್ಕೆ ನಾಲ್ಕು ಬ್ಯಾಚಿಗೆ ಆ ಪುಟ ಓದಿ ಹೇಳುತ್ತಿದ್ದೆ. ಅಡ್ಡಹೆಸರುಗಳ ಅರ್ಥ ಹೇಳುವ ಎರಡು ಸಾಲನ್ನು ಸ್ಕ್ರಿಪ್ಟಿನ ಒಳಗೇ ಬರೆದೆ. ಮೂರು ಸಲ ಆರಿಸಿ ಹೊತ್ತಿಸಿ ಮೂರು ಸಲವೂ ಕೈ ಕಟ್ಟಿ ಕೂತೆ. ಮೂರು ಸಲವೂ ಬಂತು.

"ಸರಿಹೋಯ್ತಾ ಮೇಷ್ಟ್ರೇ?" ಎಂದರು ನಂಜುಂಡಪ್ಪನವರು. "ಸರಿಹೋಯ್ತು," ಎಂದಷ್ಟೇ ಹೇಳಿ ಹೊರಗೆ ಬಂದೆ.

ಬಸ್ ಸ್ಟ್ಯಾಂಡಿಗೆ ಹೋಗದೆ ಫರ್ಜಾನಾಳ ಮನೆ ಕೇಳಿಕೊಂಡು ಹೋದೆ. ಉದ್ದನೆಯ ಶೆಡ್ಡು, ಒಳಗೆಲ್ಲ ಹಬೆ, ಆ ವಾಸನೆ. ಅವಳು ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನ ಎಳೆ ಹಿಡಿಯುತ್ತಿದ್ದಳು. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನನ್ನನ್ನು ನೋಡಿ ದುಪಟ್ಟಾ ಸರಿಮಾಡಿಕೊಂಡು ಎದ್ದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ. ತಪ್ಪು ನನ್ನದು, ನೀನು ಹೇಳಿದ ಹಾಗೆ ಕೂತಿದ್ದರೆ ಅವತ್ತೇ ಗೊತ್ತಾಗುತ್ತಿತ್ತು ಎಂದೆ.

"ನಂಗೆ ಗೊತ್ತಿತ್ತು ಸಾರ್," ಎಂದಳು. ಆಮೇಲೆ, "ಅವರಿಗೆ ಹೇಳಿದ್ರಾ?"

"ಇನ್ನೂ ಇಲ್ಲ," ಎಂದೆ.

"ಆಫೀಸ್ ಹೋದ್ರೆ ಹೋಗ್ಲಿ ಸಾರ್. ಜಂಗಮಕೋಟೇಲಿ ನಮ್ಮ ಖಾಲಾ, ಅಮ್ಮೀ ತಂಗಿ, ಹುಳ ಸಾಕ್ತಾರೆ. ಚಿಕ್ಕೋಳಿದ್ದಾಗಿಂದ ಪ್ರತಿ ಬೆಳೆಗೂ ಚಾಕಿಗೆ ನನ್ನನ್ನೇ ಕರೀತಿದ್ರು. ಈ ಸಲ ಕರೀಲಿಲ್ಲ." ಅವಳು ತೊಟ್ಟಿಯ ಕಡೆ ತಿರುಗಿದಳು. "ಅವರೂ ನಂಬಿಬಿಟ್ರು ಸಾರ್."

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ ನಂಜುಂಡಪ್ಪನವರ ಎದುರು ಕೂತು, ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ತಪ್ಪು ನನ್ನದೇ ಎಂದು ಬರೆದು ಸಹಿ ಹಾಕಿಕೊಟ್ಟೆ. ಅವರು ಪೂರ್ತಿ ಕೇಳಿದರು. ಕಾಫಿ ತರಿಸಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ನೀವು ದೊಡ್ಡ ಮನಸ್ಸಿನೋರು ಮೇಷ್ಟ್ರೇ. ಹೆಣ್ಣುಮಗಳ ಹೆಸರು ಕೆಡಬಾರ್ದು ಅಂತ ತಪ್ಪನ್ನ ನಿಮ್ಮ ಮೇಲೆ ಹಾಕ್ಕೋತಿದ್ದೀರ. ಆದ್ರೆ ನೀವೇ ನೋಡಿ, ಆಯಮ್ಮ ಹೋದ್ಮೇಲೆ ಒಂದೇ ಒಂದ್ ಸಲ ನಿಂತಿದ್ದು. ನಿನ್ನೆ ನೀವು ಹೋದ್ಮೇಲೆ ಕರೆಂಟ್ ಹೋಗಿ ಬಂತು, ಆದ್ರೂ ತಾನಾಗೇ ನಡೀತಾ ಐತೆ."

ನಡೆಯುತ್ತಿತ್ತು, ನಿಜ. ನಾನೇ ನಡೆಸಿದ್ದೆ. ಇನ್ನು ಅದು ನಿಲ್ಲುವುದೂ ಇಲ್ಲ. ನಿಲ್ಲದೆ ನಡೆದಷ್ಟು ದಿನವೂ ಅವಳ ಕೈ ಕೆಟ್ಟದ್ದು ಎಂದು ಸಾಕ್ಷಿ ಹೇಳುತ್ತದೆ. ಎಷ್ಟು ವಾದಿಸಿದೆನೋ, ಎಷ್ಟು ಕೂಗಾಡಿದೆನೋ. ಗೋಡೆಗೆ ಹೇಳಿದರೆ ಗೋಡೆಯಾದರೂ ನಗುವುದಿಲ್ಲ. ಇವರು ನಗುತ್ತಲೇ ಇದ್ದರು, ಅದೂ ಗೌರವದಿಂದ.

ವಾದದಿಂದ ಆಗದ್ದಕ್ಕೆ ನನಗೆ ಇನ್ನೊಂದೇ ದಾರಿ ಕಂಡಿತು. ನನ್ನ ತಂಗಿ ರತ್ನಳನ್ನು ಕೊಟ್ಟಿದ್ದದ್ದು ಜಂಗಮಕೋಟೆಗೆ, ಅದೂ ಹುಳ ಸಾಕುವ ಮನೆಗೆ. ದೀಪಾವಳಿ ಆದ ಮೇಲೆ ಅವಳು ನೂರು ಮೊಟ್ಟೆ, ಎಂದರೆ ನೂರು ಚಿಟ್ಟೆ ಇಟ್ಟಷ್ಟು ಮೊಟ್ಟೆ, ತರುವವಳಿದ್ದಳು. ಹೋಗಿ ಕೇಳಿದೆ, ಈ ಸಲ ಚಾಕಿಗೆ ಫರ್ಜಾನಾಳನ್ನು ಕರೆ ಎಂದು.

ರತ್ನ ಹೌಹಾರಿದಳು. "ಅಯ್ಯೋ, ಆ ಕಂಪ್ಯೂಟರ್ ಕೆಡಿಸಿದ ಹುಡುಗೀನಾ? ಬೇಡ ಕಣಣ್ಣಾ. ನೂರು ಮೊಟ್ಟೆ ಹುಳ, ಹುಡುಗಾಟ ಅಲ್ಲ."

"ಕೆಡಿಸಿದ್ದು ನಾನು ಕಣೇ."

ಅವಳು ನನ್ನ ಮುಖ ನೋಡಿದಳು. ನಾನು ಚಿಕ್ಕವನಿದ್ದಾಗ ಅಪ್ಪನ ಗಡಿಯಾರ ಬಿಚ್ಚಿ ಹಾಳುಮಾಡಿ, ಅವಳ ಮೇಲೆ ಹಾಕಿ ಏಟು ತಿನ್ನಿಸಿದ್ದೆ. ಅದು ಅವಳಿಗೆ ಮರೆತಿರಲಿಲ್ಲ. "ನೀನಾ," ಎಂದಳು. "ಹಂಗಾದ್ರೆ ಕರಿ."

ಆ ಬೆಳೆಯ ಇಪ್ಪತ್ತೆಂಟು ದಿನ ನಾನು ಪಟ್ಟ ಪಾಡು ಯಾವ ಪರೀಕ್ಷೆಗೂ ಪಟ್ಟಿರಲಿಲ್ಲ. ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಹುಳಕ್ಕೆ ಬಂದದ್ದು ನಾಲ್ಕು ಜ್ವರ, ನನಗೆ ಮಾತ್ರ ಒಂದೇ ಸಮನೆ. ಕೈಗುಣ ನಂಬದವನು, ಬಸ್ಸಿನಲ್ಲಿ ಬರುವಾಗ ಹೋಗುವಾಗ ಆ ಹುಳಗಳಿಗಾಗಿ ಸಿಕ್ಕ ದೇವರಿಗೆಲ್ಲ ಕೈ ಮುಗಿದೆ. ಬೆಳೆ ಅಂಥ ಅದ್ಭುತವೇನೂ ಆಗಲಿಲ್ಲ. ಚೆನ್ನಾಗಿ ಬಂತು, ಅಷ್ಟೇ. ಆದರೆ ಯಾರ ಕೈ ಎಂದು ಕೇಳಿದವರಿಗೆಲ್ಲ ರತ್ನ ಬೀದಿಗೆ ಕೇಳಿಸುವ ಹಾಗೆ ಫರ್ಜಾನಾದು ಎಂದಳು. ಮುಂದಿನ ಬೆಳೆಗೆ ಅವಳ ಖಾಲಾ ತಾವೇ ಬಂದು ಕರೆದುಕೊಂಡು ಹೋದರಂತೆ. ಸಂಘದ ಕುರ್ಚಿ ಮಾತ್ರ ಅವಳಿಗೆ ಮತ್ತೆ ಸಿಗಲಿಲ್ಲ. ನಾನು ಬರೆದುಕೊಟ್ಟ ಎರಡನೆಯ ಹಾಳೆಯನ್ನು ಯಾರೂ ಓದಲೇ ಇಲ್ಲ. ಮೊದಲನೆಯದನ್ನು ಎಲ್ಲರೂ ಓದಿದ್ದರು.

ನನಗೆ ಗಟ್ಟಿಯಾಗಿ ಉಳಿದಿರುವುದು ಮೊದಲ ದಿನ. ಮಂಜು ಇನ್ನೂ ಹೊಲದ ಮೇಲಿತ್ತು. ಫರ್ಜಾನಾ ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಹುಳದ ಮನೆಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ರತ್ನ ಹುಳವನ್ನು ಸೊಪ್ಪಿಗೆ ಸವರಿ ಬಿಡುವ ಕೋಳಿಪುಕ್ಕವನ್ನು ಅವಳ ಕೈಗೆ ಕೊಟ್ಟಳು. ಮೊಟ್ಟೆಯ ಹಾಳೆಯ ತುಂಬ ಕರಿ ಎಳ್ಳಿಗಿಂತ ಸಣ್ಣ ಹುಳಗಳು ಮಿಸುಕುತ್ತಿದ್ದವು. ಸಹಾಯ ಮಾಡೋಣವೆಂದು ನಾನು ಹೆಚ್ಚಿದ ಸೊಪ್ಪಿನ ತಟ್ಟೆಯನ್ನು ಎತ್ತಲು ಹೋದೆ.

"ಸಾರ್," ಎಂದಳು ಫರ್ಜಾನಾ, ತಲೆ ಎತ್ತದೆ. "ನೀವು ಏನೂ ಮುಟ್ಬೇಡಿ. ಆ ಕಡೆ ಕೈ ಕಟ್ಕೊಂಡು ಕೂತ್ಕೊಳ್ಳಿ."

ಹೋಗಿ ಗೋಡೆಗೆ ಒರಗಿ ಕೂತೆ, ಕೈ ಕಟ್ಟಿಕೊಂಡು. ಅವಳು ಕೊನೆಯ ಹುಳವನ್ನು ಸೊಪ್ಪಿಗೆ ಬಿಡುವವರೆಗೂ ಬಿಚ್ಚಲಿಲ್ಲ.